ಸ್ವಾಭಿಮಾನ ಬೆಳೆಯಲಿ, ಗರ್ವ ಬೆಳೆಯದಿರಲಿ

"ಬುದ್ಧಿ, ನಮ್ಮ ಹುಡುಗ ದಿನಾ ಶಾಲೆಯಲ್ಲಿ ಯಾರನ್ನಾದರೂ ಹೊಡೆದು ಬರುತ್ತಾನೆ. ವಿಭೂತಿ ಹಚ್ಚಿ ಆಶೀರ್ವಾದ ಮಾಡಬೇಕು" ಎಂದು ಮಠಕ್ಕೆ ಮಕ್ಕಳನ್ನು ಕರೆತರುವ ಭಕ್ತರುಂಟು. ಮಗು ತಲೆ ತಗ್ಗಿಸಿ ಪಕ್ಕದಲ್ಲೇ ನಿಂತಿರುತ್ತದೆ. ಅದರ ಎದುರೇ ಹಿರಿಯರು, "ಇವನು ಯಾವ ಕೆಲಸಕ್ಕೂ ಬಾರದವನು, ಅಣ್ಣನನ್ನು ನೋಡಿಯಾದರೂ ಕಲಿಯಬಾರದೇ?" ಎನ್ನುತ್ತಾರೆ. ಮೊದಲು ತಿದ್ದಬೇಕಾದದ್ದು ಮಗುವಿನ ಕೈಯನ್ನೋ, ನಮ್ಮ ನಾಲಿಗೆಯನ್ನೋ?

ತಾನು ಕೀಳೆಂದು ನಂಬಿದ ಮಗು ಆ ನೋವನ್ನು ಬೇರೆಯವರ ಮೇಲೆ ತೀರಿಸಿಕೊಳ್ಳುವುದುಂಟು. ಸ್ವಾಭಿಮಾನ ಕುಂದಿದ ಮಕ್ಕಳಲ್ಲಿ ಆಕ್ರಮಣ ಪ್ರವೃತ್ತಿ ಹೆಚ್ಚಾಗಿರುವುದನ್ನು ನ್ಯೂಜಿಲೆಂಡಿನ ಮಕ್ಕಳ ಮಾಹಿತಿಯನ್ನೂ ಒಳಗೊಂಡು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಹಾಗೆಂದು ಅತಿಯಾಗಿ ಹೊಗಳುವುದು ಮದ್ದಲ್ಲ. "ನಮ್ಮ ಮನೆತನದ ಕುಡಿ, ಇವನಿಗೆ ಸಮಾನರಿಲ್ಲ" ಎಂದು ಹೊಗಳಿಸಿಕೊಂಡ ಹುಡುಗ ಆಟದಲ್ಲಿ ಸೋತ ದಿನ ಗೆಳೆಯನ ಕೊರಳಪಟ್ಟಿಗೆ ಕೈ ಹಾಕುತ್ತಾನೆ. ನೆದರ್ಲೆಂಡಿನಲ್ಲಿ 565 ಮಕ್ಕಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ಭೇದವನ್ನು ಹೇಳುತ್ತದೆ: ತಮ್ಮ ಮಗು ಇತರರಿಗಿಂತ ಶ್ರೇಷ್ಠವೆಂದು ಭಾವಿಸುವ ಹೆತ್ತವರ ಮಕ್ಕಳಲ್ಲಿ ಅಹಂಭಾವ ಬೆಳೆಯಿತು, ಅಕ್ಕರೆ ಪಡೆದ ಮಕ್ಕಳಲ್ಲಿ ಸ್ವಾಭಿಮಾನ ಬೆಳೆಯಿತು.

ನಮ್ಮ ಲಿಂಗಧಾರಣೆಯ ಅರ್ಥವೂ ಇದೇ ಅಲ್ಲವೇ? ಅಂಗೈಯ ಇಷ್ಟಲಿಂಗ ಮಗುವಿಗೆ "ನಿನ್ನಲ್ಲಿ ಶಿವನಿದ್ದಾನೆ, ನೀನು ಕೀಳಲ್ಲ" ಎನ್ನುತ್ತದೆ. "ಎದುರಿಗಿರುವವನಲ್ಲಿಯೂ ಅದೇ ಶಿವನಿದ್ದಾನೆ, ನೀನು ಮೇಲಲ್ಲ" ಎಂದೂ ತಿಳಿಸುತ್ತದೆ. ಮೊದಲನೆಯದನ್ನು ಅರಿತವನಿಗೆ ಕೀಳರಿಮೆಯಿಲ್ಲ. ಎರಡನೆಯದನ್ನು ಅರಿತವನು ಕೈ ಎತ್ತುವುದಿಲ್ಲ.

ಹೊಡೆದ ಮಗುವನ್ನು ಸುಮ್ಮನೆ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಕೈ ಹಿಡಿದು ತಡೆಯಿರಿ. ಒಬ್ಬನೇ ಇರುವಾಗ ಕೂರಿಸಿ ಕಾರಣ ಕೇಳಿರಿ. ಪೆಟ್ಟು ತಿಂದವನ ಬಳಿ ಹೋಗಿ ತಪ್ಪೊಪ್ಪಿಕೊಳ್ಳುವಂತೆ ಮಾಡಿರಿ. ಮಾಡಿದ್ದು ತಪ್ಪೆನ್ನಿ; ನೀನೇ ಕೆಟ್ಟವನೆನ್ನಬೇಡಿ. ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯ ಜಗಲಿಯಲ್ಲಿ ಆಡುವ ಮಾತಿಗೆ ಹಿರಿಯರ ಮನಸ್ಸಾಕ್ಷಿಯೇ ಕಾವಲು.

ಮಗುವಿಗೆ ಅದರ ಶಕ್ತಿಗೆ ತಕ್ಕ ಕಾಯಕ ಕೊಡಿ. ಕರುವಿಗೆ ನೀರಿಡಲಿ, ದಾಸೋಹದ ಪಂಕ್ತಿಯಲ್ಲಿ ಎಲೆ ಹಾಕಲಿ. ಎಲ್ಲರಿಗೂ ಸಮನಾಗಿ ಎಲೆ ಹಾಕುವ ಕೈ, ತಾನೂ ಬೇಕಾದವನೆಂಬುದನ್ನು ಹೊಗಳಿಕೆಯಿಲ್ಲದೆ ಕಲಿಯುತ್ತದೆ.

ಮುಂದಿನ ಸಲ ಮಗುವನ್ನು ಮಠಕ್ಕೆ ಕರೆತಂದಾಗ, ದೂರು ಹೇಳುವ ಮೊದಲು ಅದು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೇಳಿರಿ. ತಗ್ಗಿದ ತಲೆ ಮೇಲೇಳುವುದನ್ನು ನೀವೇ ಕಾಣುವಿರಿ.