ಸ್ಟೇಕ್‌ಗೆ ಬೇಕಿರೋದು ಕೆಂಡ, ಹೊಗೆಯಲ್ಲ

ಬಿಸಿಲು ಬಂತು ಅಂದ್ರೆ ನಮ್ಮ ಸ್ಟಾಕ್‌ಪೋರ್ಟ್‌ನ ಹಿತ್ತಲುಗಳಲ್ಲಿ ಬಾರ್ಬೆಕ್ಯೂ ಶುರು. ಸ್ಟೇಕ್ ಅಂದ್ರೆ ಸೌದೆಯಲ್ಲೇ ಸುಡಬೇಕು, ಹೊಗೆ ಇದ್ರೇನೇ ರುಚಿ ಅನ್ನೋರು ಇದ್ದಾರೆ. ಸೌದೆ ಬಿಡಿ ಅಂತ ನಾನು ಹೇಳಲ್ಲ. ಆದರೆ ದಟ್ಟ ಹೊಗೆ ಅಂದರೆ ರುಚಿಯಲ್ಲ, ಪೂರ್ತಿ ಉರಿಯದ ಸೌದೆ. ಇದು ನನ್ನ ವಾದ.

ಮೊದಲು ರುಚಿಯ ಮಾತು. ಸ್ಟೇಕ್ ಮೇಲಿನ ಕಂದು ಪದರ, ಆ ಘಮ, ಎರಡೂ ಮುಖ್ಯವಾಗಿ ಮೈಯಾರ್ ಕ್ರಿಯೆಯಿಂದ ಬರುತ್ತವೆ. ಅದು ಚುರುಕಾಗೋದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ನೀರು 100 ಡಿಗ್ರಿಗೇ ಕುದಿಯುತ್ತೆ. ಹಾಗಾಗಿ ಮಾಂಸದ ಮೇಲ್ಮೈ ಒದ್ದೆ ಇರೋ ತನಕ ಶಾಖ ಮೇಲೇರಲ್ಲ. ಮಾಂಸವನ್ನು ಒರೆಸಿ ಒಣಗಿಸಿ, ಕೆಂಡದ ಮೇಲಿಡಿ. ಕೆಂಡದ ಅವಕೆಂಪು ಕಿರಣಗಳು ಸಮನಾಗಿ ಸುಡುತ್ತವೆ. ಜ್ವಾಲೆ ಹಾಗಲ್ಲ, ಮಸಿ ಬಳಿಯುತ್ತೆ. ಕೊಬ್ಬು ಉರಿಗೆ ತೊಟ್ಟಿಕ್ಕಿದರೆ ಪಿಎಎಚ್ ಅನ್ನೋ ರಾಸಾಯನಿಕಗಳು ಹುಟ್ಟಿ ಮಾಂಸಕ್ಕೇ ಅಂಟುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ.

ಇನ್ನು ಸೌದೆ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಒಂದು ಕಿಲೋ ನೀರನ್ನು ಆವಿ ಮಾಡೋಕೆ ಸುಮಾರು 2,260 ಕಿಲೋಜೌಲ್ ಬೇಕು. ಬೆಂಕಿ ಆ ಕೆಲಸಕ್ಕೇ ಶಾಖ ಕಳ್ಕೊಂಡು ತಣ್ಣಗಾದಾಗ, ಮರದಿಂದ ಹೊರಟ ಅನಿಲಗಳು ಉರಿಯದೇ ಹೊಗೆಯಾಗಿ ಹೋಗುತ್ತವೆ. ಅದಕ್ಕೇ ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ ಸಣ್ಣ ಕಟ್ಟುಗಳಲ್ಲಿ ಮಾರೋ ಸೌದೆಯ ತೇವಾಂಶ ಶೇ. 20 ಮೀರಬಾರದು. ಚೀಲದ ಮೇಲೆ ‘ರೆಡಿ ಟು ಬರ್ನ್’ ಗುರುತು ನೋಡಿ.

ಈ ಸೀಮೆಗೆ ಹೊಗೆ ಹೊಸದಲ್ಲ. ‘ಆಮ್ಲ ಮಳೆ’ ಎಂಬ ಹೆಸರನ್ನು 1872ರಲ್ಲಿ ಕೊಟ್ಟ ರಾಬರ್ಟ್ ಆಂಗಸ್ ಸ್ಮಿತ್ ಪಕ್ಕದ ಮ್ಯಾಂಚೆಸ್ಟರ್‌ನ ಗಾಳಿ, ಮಳೆಯನ್ನೇ ಪರೀಕ್ಷಿಸಿದವರು. 1956ರ ಶುದ್ಧ ಗಾಳಿ ಕಾಯ್ದೆ ಚಿಮಣಿಗಳನ್ನು ಹಿಡಿತಕ್ಕೆ ತಂತು. ಆದರೆ ಹೊಗೆ ನಿಯಂತ್ರಣ ಪ್ರದೇಶದಲ್ಲೂ ಹಿತ್ತಲಿನ ಬಾರ್ಬೆಕ್ಯೂಗೆ ಅನುಮತಿ ಇದೆ. ಅತಿಯಾದರೆ ಕೌನ್ಸಿಲ್ ಕ್ರಮ ತಗೋಬಹುದು, ಅಷ್ಟೇ. ಹಾಗಾಗಿ ಜವಾಬ್ದಾರಿ ನಮ್ಮ ಮೇಲೇ ಬೀಳುತ್ತೆ.

“ವರ್ಷಕ್ಕೆ ನಾಲ್ಕು ಸಂಜೆ ಸುಟ್ರೆ ಏನಾಗುತ್ತೆ?” ಅಂತ ಕೇಳಬಹುದು. ನಿಜ, ನಿಮ್ಮದು ನಾಲ್ಕೇ ಸಂಜೆ. ಆದರೆ ಬಿಸಿಲಿನ ಶನಿವಾರ ಇಡೀ ಬೀದಿಗೆ ಒಂದೇ ಸಲ ಬರುತ್ತೆ. ನಮ್ಮದು ನದಿ ಕಣಿವೆಯ ಊರು, ಸಾಲುಮನೆಗಳ ಊರು. ಗಾಳಿಯಿಲ್ಲದ ಸಂಜೆ ತಂಪು ಕೆಳಗಿಳಿದಾಗ ಹೊಗೆ ಮೇಲೇರದೆ ನಿಲ್ಲುತ್ತೆ. ಪಕ್ಕದ ಮನೆಯಲ್ಲಿ ಆಸ್ತಮಾ ಇರೋ ಮಗು ಕಿಟಕಿ ತೆರೆದು ಮಲಗಿರಬಹುದು. ಪಿಎಂ 2.5 ಕಣಗಳು ಬೇಲಿ ನೋಡಲ್ಲ.

ನಮ್ಮ ಅಜ್ಜಿಯರು ಊದುಗೊಳವೆ ಹಿಡಿದು ಕಣ್ಣೀರು ಸುರಿಸಿದ್ದು ರುಚಿಗಲ್ಲ, ಬೇರೆ ದಾರಿ ಇರಲಿಲ್ಲ. ಆ ಹೊಗೆ ತಪ್ಪಿಸೋಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ‘ಅಸ್ತ್ರ ಒಲೆ’ ರೂಪಿಸಿದ್ದು. ಅವರು ಹೊರಹಾಕಿದ ಹೊಗೆಯನ್ನ ನಾವು ಶೋಕಿಗೆ ಪಕ್ಕದ ಮನೆಗೆ ಕಳಿಸೋದು ಸರಿಯಲ್ಲ.

ಒಣ ಸೌದೆ ತನ್ನಿ, ಮುಕ್ಕಾಲು ಗಂಟೆ ಮೊದಲೇ ಹಚ್ಚಿ, ಜ್ವಾಲೆ ಇಳಿದು ಕೆಂಡಕ್ಕೆ ಬೂದಿ ಕಟ್ಟೋ ತನಕ ಕಾಯಿರಿ. ಹೊಗೆಯ ಘಮ ಬೇಕೇ ಬೇಕಾದ್ರೆ ಒಂದು ಒಣ ಓಕ್ ಚೂರು ಸಾಕು. ಜೋಳದ ತೆನೆ ಸುಡೋರಿಗೂ ಇದೇ ಮಾತು. ಮುಂದಿನ ಸಂಚಿಕೆಯಲ್ಲಿ ಸಿಗೋಣ.