ಕರ್ಸರ್ ಬಳಸುವವರ ಕೈ, ನಮ್ಮದಲ್ಲ

ಮಿನಿ ಪ್ರಾಜೆಕ್ಟಿಗೆ ನಾನೊಂದು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ್ದೆ. ಮೊತ್ತ ಬಂದ ಕೂಡಲೇ ಕರ್ಸರ್ ತಾನೇ ಹಾರಿ ‘ಸೇವ್’ ಬಟನ್ ಮೇಲೆ ಕೂರುತ್ತಿತ್ತು. ಲ್ಯಾಬಲ್ಲಿ ಎಲ್ಲರೂ ಸೂಪರ್ ಅಂದ್ರು.

ಅದನ್ನೇ ಕಂಪ್ಲಿಯಲ್ಲಿ ಮಾವನ ಅಕ್ಕಿ ಅಂಗಡಿಗೆ ಹಾಕಿಕೊಟ್ಟೆ. ತೂಕ ತಪ್ಪಾಗಿದ್ದು ಕಂಡು ಅವರು ‘ಕ್ಯಾನ್ಸಲ್’ ಕಡೆ ಮೌಸ್ ಒಯ್ಯುತ್ತಿದ್ದರು. ಅಷ್ಟರಲ್ಲಿ ಕರ್ಸರ್ ಹಾರಿತು, ಕ್ಲಿಕ್ ‘ಸೇವ್’ ಮೇಲೆ ಬಿತ್ತು. “ಲೇ, ಈ ಬಾಣ ನನ್ನ ಮಾತು ಕೇಳವಲ್ದು, ನಿನ್ನ ಮಾತು ಕೇಳ್ತೈತಿ” ಅಂದರು.

ವಿಂಡೋಸ್‌ನಲ್ಲಿ ‘ಸೆಟ್‌ಕರ್ಸರ್‌ಪಾಸ್’, ಕ್ಯೂಟಿಯಲ್ಲಿ ‘ಕ್ಯೂಕರ್ಸರ್ ಸೆಟ್‌ಪಾಸ್’: ಒಂದೇ ಸಾಲಿನ ಕೋಡ್. ಸುಲಭ ಅಂತ ಬರೆದುಬಿಡ್ತೀವಿ. ಲಿನಕ್ಸ್‌ನ ವೇಲ್ಯಾಂಡ್ ಮಾತ್ರ, ಪರದೆಯ ಮೇಲೆ ಬೇಕಾದಲ್ಲಿಗೆ ಕರ್ಸರ್ ಎಳೆಯುವ ಹಕ್ಕನ್ನು ಸಾಮಾನ್ಯ ಅಪ್ಲಿಕೇಶನ್‌ಗೆ ಕೊಡುವುದಿಲ್ಲ. ನನ್ನ ಪ್ರಕಾರ ಅದೇ ಸರಿ.

ಹಂಪಿಯ ಗೈಡ್ ಕಲ್ಲಿನ ರಥದ ಕಡೆ ಕೈ ತೋರಿಸ್ತಾರೆ, ನಮ್ಮ ಕತ್ತು ಹಿಡಿದು ತಿರುಗಿಸಲ್ಲ. ಪ್ರೋಗ್ರಾಂ ಕೂಡ ಹಾಗಿರಲಿ. ‘ಸೇವ್’ ಅನ್ನು ಡೀಫಾಲ್ಟ್ ಬಟನ್ ಮಾಡಿ, ಬೇಕಾದವರು ಎಂಟರ್ ಒತ್ತುತ್ತಾರೆ. ಕೆಲಸ ನಡೆಯುವಾಗ ಕರ್ಸರ್‌ನ ಆಕಾರ ಬದಲಿಸಿ. ಮುಗಿದ ಮೇಲೆ, ನಡುವೆ ಎರರ್ ಬಂದರೂ, ಮೊದಲಿನ ಆಕಾರಕ್ಕೆ ತನ್ನಿ. ಜಾಗ ಮಾತ್ರ ಮುಟ್ಟಬೇಡಿ.

“ಗೇಮ್‌ನಲ್ಲಿ ಕರ್ಸರ್ ಹಿಡಿದಿಡ್ತಾರಲ್ಲ?” ಅಂತೀರಿ. ಹೌದು, ಅಲ್ಲಿ ನೋಟ ತಿರುಗಿಸೋಕೆ ಅದು ಬೇಕು, ಆಡುವವರಿಗೂ ಗೊತ್ತಿರುತ್ತೆ. ಬಿಲ್ ಹಾಕುವವರಿಗೆ ಅದರ ಅಗತ್ಯ ಏನು?

ಆ ಒಂದು ಸಾಲು ಅಳಿಸಿದೆ. ಈಗ ಮಾವ ನನ್ನ ಸಾಫ್ಟ್‌ವೇರ್ ಬಗ್ಗೆ ಮಾತೇ ಆಡಲ್ಲ, ಸುಮ್ಮನೆ ಬಿಲ್ ಹಾಕ್ತಾರೆ. ನನಗೆ ಅಷ್ಟೇ ಸಾಕು.