ಕನಸಿಗೆ ಗಾಳ: ಎಚ್ಚರಿಕೆಯೂ ಪ್ರಯಾಣದ ಸಿದ್ಧತೆಯೇ

ವಿದೇಶಕ್ಕೆ ಹೊರಟ ಮಕ್ಕಳ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಕುಕ್ಕರ್, ಸ್ವೆಟರ್, ಅಂಕಪಟ್ಟಿಯ ಪ್ರತಿಗಳು ಎಲ್ಲವೂ ಇರುತ್ತವೆ. ಆದರೆ ಬರುವ ಇ-ಮೇಲ್‌ಗಳಲ್ಲಿ ಯಾವುದು ವಿಶ್ವವಿದ್ಯಾಲಯದ್ದು, ಯಾವುದು ವಂಚಕನದ್ದು ಎಂದು ಗುರುತಿಸುವ ಪಾಠವನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ. ಮೊಬೈಲ್ ಹಿಡಿದೇ ಬೆಳೆದ ಪೀಳಿಗೆಗೆ ನಾವೇನು ಹೇಳಿಕೊಡುವುದು ಎಂಬ ಸಂಕೋಚ ಹಿರಿಯರದು. ಈ ಸಂಕೋಚ ದುಬಾರಿಯಾಗಬಲ್ಲದು.

ಫಿಶಿಂಗ್ ಎಂಬ ವಂಚನೆ ಅಜ್ಞಾನಕ್ಕಿಂತ ಹೆಚ್ಚಾಗಿ ನಿರೀಕ್ಷೆಗೆ ಗಾಳ ಹಾಕುತ್ತದೆ. ಪ್ರವೇಶಪತ್ರ, ವೀಸಾ ಸಂದರ್ಶನ, ಉದ್ಯೋಗದ ಕರೆ ಇವುಗಳಿಗಾಗಿ ಹಗಲಿರುಳು ಕಾಯುತ್ತಿರುವ ಯುವಕನಿಗೆ ಅಂಥದ್ದೇ ಪತ್ರ ಬಂದಾಗ ಅನುಮಾನ ಮೂಡುವುದಾದರೂ ಹೇಗೆ? ನಿಜವಾದ ಪತ್ರಗಳೂ ಶುಲ್ಕ ಕೇಳುತ್ತವೆ, ಗಡುವು ವಿಧಿಸುತ್ತವೆ. ಅಮೆರಿಕಕ್ಕೆ ಓದಲು ಹೋಗುವವರು ವೀಸಾ ಶುಲ್ಕವಲ್ಲದೆ 350 ಡಾಲರ್ ಸೆವಿಸ್ ಶುಲ್ಕವನ್ನೂ ಕಟ್ಟಲೇಬೇಕು. ವಂಚಕ ಈ ಸತ್ಯದ ನೆರಳಿನಲ್ಲೇ ನಿಲ್ಲುತ್ತಾನೆ.

ಕಾಗುಣಿತದ ತಪ್ಪು ನೋಡಿ ನಕಲಿ ಪತ್ರವನ್ನು ಪತ್ತೆಹಚ್ಚಬಹುದೆಂಬ ಹಳೆಯ ಸಲಹೆ ಈಗ ಸಾಲದು. ಕೃತಕ ಬುದ್ಧಿಮತ್ತೆಯ ನೆರವಿನಿಂದ ಯಾರು ಬೇಕಾದರೂ ತಪ್ಪಿಲ್ಲದ ಪತ್ರ ಬರೆಯಬಲ್ಲರು. ಆದ್ದರಿಂದ ಪತ್ರದ ಭಾಷೆಗಿಂತ ಅದರ ಬೇಡಿಕೆಯನ್ನು ಪರೀಕ್ಷಿಸಲು ಕಲಿಸಬೇಕು. ಅದು ಅವಸರಪಡಿಸುತ್ತಿದೆಯೇ? ಹಣ, ಪಾಸ್‌ವರ್ಡ್ ಅಥವಾ ಒಟಿಪಿ ಕೇಳುತ್ತಿದೆಯೇ? ಯಾರಿಗೂ ಹೇಳಬೇಡ ಎನ್ನುತ್ತಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಕೈ ತಡೆಯಬೇಕು. ಕಳುಹಿಸಿದವರ ವಿಳಾಸವನ್ನು ಕೊನೆಯ ಅಕ್ಷರದವರೆಗೂ ಓದಬೇಕು. ಆದರೆ ವೀಸಾ ಕೆಲಸದ ಒಂದು ಭಾಗವನ್ನು ಖಾಸಗಿ ಸಂಸ್ಥೆಗಳೂ ನಿರ್ವಹಿಸುವುದರಿಂದ ವಿಳಾಸವೊಂದೇ ಪ್ರಮಾಣವಾಗದು. ಪತ್ರದಲ್ಲಿರುವ ಕೊಂಡಿಯನ್ನು ಒತ್ತದೆ, ರಾಯಭಾರ ಕಚೇರಿಯ ಅಥವಾ ವಿಶ್ವವಿದ್ಯಾಲಯದ ಜಾಲತಾಣವನ್ನು ತಾವೇ ತೆರೆದು, ಅಂಥ ಬೇಡಿಕೆ ಅಲ್ಲಿಯೂ ಇದೆಯೇ ಎಂದು ನೋಡುವುದೇ ಸುರಕ್ಷಿತ ದಾರಿ.

ನಿಯಮಗಳನ್ನು ತಿಳಿದಿರುವುದು ಇನ್ನೂ ಗಟ್ಟಿಯಾದ ರಕ್ಷೆ. ಅಮೆರಿಕದ ಗ್ರೀನ್ ಕಾರ್ಡ್ ಲಾಟರಿಗೆ ಭಾರತದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಅರ್ಹರೇ ಅಲ್ಲ. ಅರ್ಹ ದೇಶಗಳ ವಿಜೇತರಿಗೂ ಆಯ್ಕೆಯ ಸುದ್ದಿ ಇ-ಮೇಲ್‌ನಲ್ಲಿ ಬರುವುದಿಲ್ಲ. ಯುಎಇಯ ಕಾನೂನಿನಂತೆ ನೇಮಕಾತಿಯ ವೆಚ್ಚವನ್ನು ಉದ್ಯೋಗದಾತನೇ ಭರಿಸಬೇಕು. ಹಾಗಿರುವಾಗ ದುಬೈ ನೌಕರಿಗೆಂದು ವೀಸಾ ಹಣವನ್ನು ಮುಂಗಡ ಕೇಳುವ ಪತ್ರವನ್ನು ನಂಬುವುದೆಂತು? ನೇಮಕಾತಿ ಏಜೆಂಟರು ನೋಂದಾಯಿತರೇ ಎಂಬುದನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು.

ಇಷ್ಟೆಲ್ಲ ಕಲಿಸಿದ ಮೇಲೂ ಒಮ್ಮೆ ಎಡವುವುದು ಸಹಜ. ಆಗ ಮಗುವನ್ನು ಕಾಡುವುದು ಹಣದ ನಷ್ಟಕ್ಕಿಂತ ಹೆಚ್ಚಾಗಿ ನಾಚಿಕೆ. ಸಾಲ ಮಾಡಿ ಕಳುಹಿಸಿದ ತಂದೆತಾಯಿಗೆ ಯಾವ ಮುಖ ಹೊತ್ತು ಹೇಳಲಿ ಎಂದು ಅದು ಬಾಯಿ ಮುಚ್ಚಿಕೊಂಡರೆ, ಹಣ ಉಳಿಸಿಕೊಳ್ಳಬಹುದಾದ ಗಂಟೆಗಳೂ ಕಳೆದುಹೋಗುತ್ತವೆ. ಭಾರತದ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಆ ಕೆಲಸವನ್ನು ಊರಿನಲ್ಲಿರುವ ಮನೆಯವರೇ ಮಾಡಬಹುದು. ವಿದೇಶದ ಖಾತೆಯಾದರೆ ಮೊದಲು ಅಲ್ಲಿನ ಬ್ಯಾಂಕಿಗೆ, ನಂತರ ಪೊಲೀಸರಿಗೆ ತಿಳಿಸಬೇಕು.

ಹೊರಡುವ ಮುನ್ನ ಒಂದು ಸಂಜೆ ಮನೆಮಂದಿಯೆಲ್ಲ ಕೂತು, ಬಂದಿರುವ ನಾಲ್ಕು ಇ-ಮೇಲ್‌ಗಳನ್ನು ಒಟ್ಟಿಗೆ ಓದಿ ನೋಡಲಿ. ಈಗಾಗಲೇ ಹೊರದೇಶದಲ್ಲಿ ನೆಲೆಸಿರುವ ಅಣ್ಣ, ಅಕ್ಕ, ಚಿಕ್ಕಪ್ಪಂದಿರು ತಾವು ಮೋಸಹೋದ, ಇಲ್ಲವೇ ಮೋಸದ ಅಂಚಿನಿಂದ ಪಾರಾದ ಕಥೆಗಳನ್ನು ಮುಚ್ಚಿಡದೆ ಹೇಳಲಿ. ಕೊನೆಗೆ ಹೆತ್ತವರು ಒಂದು ಮಾತು ಕೊಡಲಿ: ‘ತಪ್ಪಾದರೆ ಮೊದಲು ನಮಗೆ ಫೋನ್ ಮಾಡು, ಬೈಯುವುದಿಲ್ಲ.’ ಪೆಟ್ಟಿಗೆಯ ತೂಕ ಹೆಚ್ಚಿಸದ ಈ ಮಾತು ಪರದೇಶದಲ್ಲಿ ಬೇರೆಲ್ಲ ಸಾಮಾನುಗಳಿಗಿಂತ ಹೆಚ್ಚು ಒದಗಿಬರುತ್ತದೆ.